ಕೆಂಪು ನೆಲದ ಕೆಳಗೆ

ಮದುವೆಯಾದ ಎರಡನೆಯ ವರ್ಷ ನಾವು ವಿರಾಜಪೇಟೆಯ ಅಂಚಿನಲ್ಲಿ ಒಂದು ಹಳೆಯ ಮನೆ ಕೊಂಡೆವು. ಕೊಡಗು ಆಗಿನ್ನೂ ತನ್ನದೇ ಸರ್ಕಾರವಿದ್ದ ಪುಟ್ಟ ರಾಜ್ಯ. ನಮ್ಮವರು ಶಾಲೆಯಲ್ಲಿ ಮೇಷ್ಟ್ರು. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ, ಮೂರೇ ಜನ. ಇಳಿಜಾರಿಗೆ ಮಣ್ಣು ತುಂಬಿಸಿ ಕಟ್ಟಿದ್ದ ಮನೆ ಅದು. ಮುಂದಿನ ಬಾಗಿಲಿಗೆ ಒಂದೇ ಮೆಟ್ಟಿಲು, ಹಿಂಬದಿಗೆ ಮಾತ್ರ ಸೊಂಟದೆತ್ತರದ ಕಲ್ಲಿನ ಪಾಯ. ಗೋಡೆ ಮಣ್ಣಿನದು, ನೆಲ ಸಗಣಿ ಸಾರಿಸಿದ್ದು.

ನಮ್ಮವರು ಯಾವುದೋ ಎಸ್ಟೇಟಿನ ಬಂಗಲೆಯಲ್ಲಿ ಕೆಂಪು ಸಿಮೆಂಟಿನ ನೆಲ ನೋಡಿ ಬಂದಿದ್ದರು. ಅಂದಿನಿಂದ ಅದೇ ಧ್ಯಾನ. ಬೇಸಿಗೆ ರಜೆಯಲ್ಲಿ ಮಲೆಯಾಳಿ ಮೇಸ್ತ್ರಿಯೊಬ್ಬನನ್ನು ಕರೆಸಿ ಅಡುಗೆಮನೆಗೂ ನಡುಮನೆಗೂ ನೆಲ ಹಾಕಿಸಿದರು. ಮೇಸ್ತ್ರಿ ಕೆಂಪು ಬಣ್ಣ ಕಲೆಸಿ, ಕರಣೆಯಿಂದ ತೀಡಿ, ಕೊನೆಗೆ ಮೇಣ ಹಚ್ಚಿ ತಿಕ್ಕಿದ. ನಿಂತರೆ ಸೀರೆಯ ಅಂಚು ಕಾಣುವಷ್ಟು ಹೊಳಪು ಬಂತು. ಬೀದಿಯವರೆಲ್ಲ ಬಂದು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟು ನೋಡಿ ಹೋದರು.

ನನ್ನ ಆಸೆಯೆಲ್ಲ ಹಿತ್ತಿಲಿನ ಮೇಲೆ. ಈ ಮನೆಗೆ ಬಂದ ಹೊಸದರಲ್ಲೇ ಶ್ರೀಮಂಗಲದ ತವರಿನಿಂದ ಗೆಣಸಿನ ಬಳ್ಳಿ, ಸುವರ್ಣಗೆಡ್ಡೆ, ಕೆಸದ ಗೆಡ್ಡೆ ತಂದು ಪಾಯದ ಗೋಡೆಗೆ ಒತ್ತಿಯೇ ಪಾತಿ ಮಾಡಿದೆ. ಬಚ್ಚಲಿನ ನೀರನ್ನು ಅಲ್ಲಿಗೇ ಹರಿಯಬಿಟ್ಟೆ. ಬೇಸಿಗೆಯಲ್ಲೂ ಎಲೆಗಳು ಕಪ್ಪು ಹಸಿರಾಗಿ ಪಾತಿ ಮುಚ್ಚಿಕೊಂಡವು.

ಒಂದು ಬೆಳಿಗ್ಗೆ ಸಾರಿಗೆಂದು ನಾಲ್ಕು ಗೆಣಸು ಕೀಳಲು ಹೋದೆ. ಬಳ್ಳಿ ಹಿಡಿದೆಳೆದರೆ ಹೂವಿನ ದಾರದಂತೆ ಹಗುರಾಗಿ ಕೈಗೆ ಬಂತು. ಕೆಳಗೆ ಒಂದೂ ಗೆಡ್ಡೆಯಿಲ್ಲ. ಪಕ್ಕದ್ದನ್ನು ಎಳೆದೆ, ಅದೂ ಹಾಗೆಯೇ. ಮೇಲಿನ ಮಣ್ಣು ಕೆದರಿರಲಿಲ್ಲ, ಎಲೆ ಬಾಡಿರಲಿಲ್ಲ. ಯಾರೋ ಅಡಿಯಿಂದಲೇ ಕೈ ಹಾಕಿ ತೆಗೆದಂತಿತ್ತು. ಪಾತಿಯ ತುದಿಯಲ್ಲಿ ಕಪ್ಪು ಬಿಳುಪಿನ ಉದ್ದ ಮುಳ್ಳೊಂದು ಸಿಕ್ಕಿತು.

"ಮುಳ್ಳುಹಂದಿ ಬಂದುಟ್ಟು," ಎಂದರು ನಮ್ಮವರು. ನಮ್ಮ ಮನೆಮಾತಿನಲ್ಲಿ ‘ಉಟ್ಟು’ ಎಂದರೆ ‘ಇದೆ’. ಸುತ್ತಲೂ ಮುಳ್ಳಿನ ಬೇಲಿ ಕಟ್ಟಿದರು. ಬೇಲಿ ಮುರಿಯಲಿಲ್ಲ, ಗೆಡ್ಡೆಗಳು ಮಾತ್ರ ಹೋಗುತ್ತಲೇ ಇದ್ದವು.

ಆಮೇಲೆ ನೀರು. ಮೊದಲು ಬಚ್ಚಲಿನ ನೀರು ಪಾತಿಯಲ್ಲಿ ಸ್ವಲ್ಪ ಹೊತ್ತು ನಿಂತು ಇಂಗುತ್ತಿತ್ತು. ಈಗ ಕೊಡ ಕೊಡವಾಗಿ ಸುರಿದರೂ ಪಾಯದ ಬುಡದಲ್ಲಿ ಗುಳಗುಳ ಎಂದು ಮಾಯವಾಗುತ್ತಿತ್ತು. ಒಗೆದ ನೀರು, ಮಿಂದ ನೀರು ಎಲ್ಲ ಎಲ್ಲಿಗೋ ಇಳಿದುಹೋಗುತ್ತಿತ್ತು.

ಅದೇ ಸಮಯಕ್ಕೆ ಹೊಸ ನೆಲದಲ್ಲಿ ಬಿರುಕು ಕಾಣಿಸಿತು. ಅಡುಗೆಮನೆಯ ಹೊಸ್ತಿಲಿನಿಂದ ಹೊರಟು ಅತ್ತೆಯ ಮಂಚದ ಕಡೆಗೆ ಹೋಗುವ ಕೂದಲೆಳೆಯಂಥ ಗೆರೆ. ಮೇಸ್ತ್ರಿಯನ್ನು ಕರೆಸಿದೆವು.

"ಸಿಮೆಂಟಲ್ಲವಾ ಅಮ್ಮ, ಒಣಗುವಾಗ ಒಂದೆಳೆ ಬಿಡ್ತದೆ. ಪೇಡಿಕ್ಕಂಡ, ಹೆದರ್ಬೇಡಿ," ಎಂದು ಗೆರೆಗೆ ಸಿಮೆಂಟಿನ ಹಾಲು ಬಿಟ್ಟು ಒರೆಸಿ ಹೋದ. ವಾರ ಕಳೆಯುವುದರೊಳಗೆ ಗೆರೆ ಮತ್ತೆ ಬಾಯಿ ಬಿಟ್ಟಿತು. ಈ ಸಲ ಅದರಿಂದ ಇರುವೆಗಳು ಮೊಟ್ಟೆ ಕಚ್ಚಿಕೊಂಡು ಹೊರಗೆ ಬರುತ್ತಿದ್ದವು.

ಅತ್ತೆಗೆ ಕಣ್ಣು ಮಂಜು, ಕೋಲು ಊರಿಯೇ ನಡೆಯುತ್ತಿದ್ದರು. ಒಂದು ದಿನ ನನ್ನನ್ನು ಕೂಗಿದರು.

"ಮಗಳೇ, ಇಲ್ಲಿ ಬಾ. ಕೇಳು." ಗೋಡೆಯ ಹತ್ತಿರ ಕೋಲಿನಿಂದ ಕುಟ್ಟಿದರು, ಗಟ್ಟಿ ಸದ್ದು. ಮಂಚದ ಪಕ್ಕ ಕುಟ್ಟಿದರು. ಮದ್ದಳೆಗೆ ಕೈ ತಾಗಿದಂತೆ ದುಮ್ಮೆಂದಿತು. "ಅಡಿಲಿ ಎಂತದೋ ಉಟ್ಟು."

ಸಂಜೆ ಮಗನಿಗೂ ಕುಟ್ಟಿ ತೋರಿಸಿದರು. ನಮ್ಮವರು ನಕ್ಕರು. "ನಿಂಗೆ ಸಗಣಿ ನೆಲದ ಅಭ್ಯಾಸ ಅವ್ವ. ಸಿಮೆಂಟಿನ ಸದ್ದೇ ಹಂಗೆ."

ಆದರೆ ಅಡುಗೆಮನೆಯ ಬಾಗಿಲು ಮುಚ್ಚಿಕೊಳ್ಳದಾಯಿತು. ಬಡಗಿಯಿಂದ ಉಜ್ಜುಗೊರಡು ತಂದು ನಮ್ಮವರೇ ಅಂಚು ಹೆರೆದರು. ತಿಂಗಳಾಗುವ ಮೊದಲು ಅದು ಮತ್ತೆ ಸಿಕ್ಕಿಹಾಕಿಕೊಂಡಿತು. ಈ ಸಲ ಹೆರೆದ ಮೇಲೆ ಅವರು ಬಗ್ಗಿ ಬಿರುಕಿನ ಮೇಲೆ ಕೈಯಾಡಿಸಿ ನೋಡಿದರು. ನೆಲ ಒರೆಸಲು ಬಗ್ಗಿದರೆ ಬಿರುಕಿನಿಂದ ಒದ್ದೆ ರೋಮದ ವಾಸನೆ ನನ್ನ ಮೂಗಿಗೆ ಬಡಿಯುತ್ತಿತ್ತು. ಅನ್ನ ಬೇಯುವಾಗಲೂ ಅದೇ ವಾಸನೆ. ಊಟ ರುಚಿಸುತ್ತಿರಲಿಲ್ಲ. ಒಬ್ಬಳೇ ಇರುವಾಗ ನಾನು ಗೋಡೆಯ ಅಂಚಿನಲ್ಲೇ ಓಡಾಡತೊಡಗಿದೆ.

ಮಳೆ ಹಿಡಿಯುವ ಮುಂಚೆ ಇದಕ್ಕೊಂದು ಗತಿ ಕಾಣಿಸಬೇಕೆಂದು ನಮ್ಮವರು ಪಕ್ಕದ ಮನೆಯ ಕೊಡವರೊಬ್ಬರ ಹತ್ತಿರ ಹೇಳಿದರು. ಅವರು ಪಟ್ಟಾಳದಲ್ಲಿ ಸಿಪಾಯಿಯಾಗಿದ್ದು ನಿವೃತ್ತರಾಗಿ ಬಂದವರು. ಆದಿತ್ಯವಾರ ಬೆಳಿಗ್ಗೆ ಕೋವಿ ಹಿಡಿದು ಬಂದರು. ಕೆಸದ ಎಲೆಗಳನ್ನು ಕಡಿದು ನೋಡಿದರೆ ಪಾಯದ ಬುಡದಲ್ಲಿ ಎರಡು ಕಲ್ಲು ಜಾರಿ ಬಿಲದ ಬಾಯಿ ಕಾಣುತ್ತಿತ್ತು. ಒಳಗೆ ಕತ್ತಲೆ.

"ಹೊಗೆ ಹಾಕುವ ಮಾಸ್ಟ್ರೇ. ಬರುವುದಾದರೆ ಇಲ್ಲಿಂದಲೇ ಬರಬೇಕು. ನಾನು ಇಲ್ಲಿ ಕೂತ್ಕೊಳ್ತೇನೆ," ಎಂದರು.

ಒಣ ತೆಂಗಿನ ಸಿಪ್ಪೆಗೆ ಬೆಂಕಿ ಕೊಟ್ಟು, ಮೆಣಸಿನಕಾಯಿ ಹಾಕಿ ಬಾಯಿಗೆ ತುರುಕಿದರು. ನಮ್ಮವರು ಮೊರದಿಂದ ಬೀಸಿದರು. ಹೊಗೆ ಒಳಗೆ ಹೋಯಿತು, ಹೊರಗೆ ಏನೂ ಬರಲಿಲ್ಲ. ಕೋವಿಯವರು ಕಾದೇ ಕಾದರು. ಆಗ ಒಳಗಿನಿಂದ ಅತ್ತೆ ಕೆಮ್ಮುವುದು ಕೇಳಿಸಿತು.

ನಾನು ಓಡಿದೆ. ಬಾಗಿಲಲ್ಲೇ ನಿಂತೆ. ಅಡುಗೆಮನೆಯ ಹೊಸ್ತಿಲಿನಿಂದ ನಡುಮನೆಯ ಆಚೆ ಗೋಡೆಯವರೆಗೆ, ಬಿರುಕಿನ ಉದ್ದಕ್ಕೂ, ಕೆಂಪು ನೆಲದಿಂದ ಹೊಗೆ ಏಳುತ್ತಿತ್ತು. ಬಿರುಕು ನಮಗೆ ಕಾಣದಿದ್ದ ಕಡೆಗಳಲ್ಲೂ, ಒಲೆಯ ಬುಡದಲ್ಲೂ, ಕಂಬದ ಸುತ್ತಲೂ. ಅದರ ನಡುವೆ ಅತ್ತೆ ಮಂಚದ ಮೇಲೆ ಸೆರಗು ಮೂಗಿಗೆ ಹಿಡಿದು ಕುಳಿತಿದ್ದರು.

ಗೋಡೆಗೆ ಒತ್ತಿಕೊಂಡು ಹೋಗಿ ಅವರ ಕೈ ಹಿಡಿದು ಹಾಗೆಯೇ ಜಗಲಿಗೆ ಕರೆತಂದೆ. ನಮ್ಮವರು ಬಂದು ನೋಡಿ ಕೈಯ ಮೊರ ಕೆಳಗಿಟ್ಟರು.

"ಹಾಂಗಾರೆ ನಾವು ಯಾವುದರ ಮೇಲೆ ಮಲಗ್ತಿದ್ದದ್ದು?" ಎಂದರು ಅತ್ತೆ.

ಆ ಇಡೀ ದಿನ ಜಗಲಿಯಲ್ಲೇ ಕಳೆದೆವು. ಮಧ್ಯಾಹ್ನ ದೊಡ್ಡ ಮಳೆ ಸುರಿಯಿತು. ಮಾಡಿನ ಹಂಚಿನ ನೀರೆಲ್ಲ ಹಿತ್ತಿಲಿಗಿಳಿದು, ಹೊಗೆ ಹಾಕಲು ನಾವು ಅಗಲ ಮಾಡಿದ್ದ ಬಿಲದ ಬಾಯಿಗೆ ನುಗ್ಗಿತು. ನಾನು ಕೊಡೆ ಹಿಡಿದು ನೋಡಿಬಂದೆ. ಹೋದ ನೀರು ಎಲ್ಲೂ ತುಂಬಿ ಮರಳುತ್ತಿರಲಿಲ್ಲ.

ಮಳೆ ಬಿಟ್ಟ ಮೇಲೆ ನಮ್ಮವರು ಎದ್ದರು. "ಅವ್ವನ ಮಂಚ ಒಂದು ಹೊರಗೆ ತಂದುಬಿಡ್ತೇನೆ."

"ಬೇಡ. ಜಗಲಿಯಲ್ಲೇ ಮಲಗಿಕೊಳ್ತಾರೆ ಇವತ್ತು," ಎಂದೆ. ಅತ್ತೆಯೂ ಬೇಡವೆಂದರು. ನಮ್ಮವರು ಆಗಲೇ ಒಳಗೆ ಹೋಗಿದ್ದರು.

ಮಂಚದ ಕಾಲು ನೆಲಕ್ಕೆ ಉಜ್ಜುವ ಸದ್ದು ಕೇಳಿತು. ಆಮೇಲೆ ಹಪ್ಪಳ ಮುರಿದಂಥ ಸಣ್ಣ ಸದ್ದು. ಅದರ ಹಿಂದೆಯೇ ಇಡೀ ಮನೆ ನರಳಿದಂತೆ ಒಂದು ಶಬ್ದ. ಜಗಲಿಯ ನೆಲ ನನ್ನ ಕಾಲ ಕೆಳಗೆ ನಡುಗಿತು. ಕಿಟಕಿಯಿಂದ ಕೆಂಪು ಧೂಳು ಹೊರಬಂತು.

ನಡುಮನೆಯ ನೆಲ ಇರಲಿಲ್ಲ. ಹಲಗೆ ಹಲಗೆಯಾಗಿ ಒಡೆದು ಆಳೆತ್ತರಕ್ಕೆ ಇಳಿದಿತ್ತು. ಅಡುಗೆಮನೆಯ ಗೋಡೆ ಅದರ ಮೇಲೆ ಬಿದ್ದಿತ್ತು. ನಮ್ಮವರು ಬಾಗಿಲವಾಡವನ್ನು ಎರಡು ಕೈಯಲ್ಲೂ ತಬ್ಬಿಕೊಂಡು ನೇತಾಡುತ್ತಿದ್ದರು, ಎಡಗಾಲು ಮಣ್ಣಿನಡಿ ಸಿಕ್ಕಿತ್ತು. ಪಕ್ಕದ ಮನೆಯವರು ಓಡಿ ಬಂದು ಹಾರೆ ಹಾಕಿ ಮಣ್ಣು ಸರಿಸಿದರು, ನಾವಿಬ್ಬರೂ ಸೇರಿ ನಮ್ಮವರನ್ನು ಎಳೆದೆವು. ಅವರು ಕೂಗಲಿಲ್ಲ. "ಇನ್ನೂ ಇಳೀತಾ ಉಟ್ಟು, ಬೇಗ," ಎಂದಷ್ಟೇ ಹೇಳುತ್ತಿದ್ದರು.

ಕಾಲಿನ ಮೂಳೆ ಎರಡು ಕಡೆ ಮುರಿದಿತ್ತು. ಆಸ್ಪತ್ರೆಯಲ್ಲಿ ಕಟ್ಟು ಹಾಕಿದರು. ಮೂಳೆ ಕೂಡಿತು, ಆದರೆ ಕಾಲು ಗಿಡ್ಡವಾಯಿತು. ಮಕ್ಕಳೊಂದಿಗೆ ಚೆಂಡಾಡುತ್ತಿದ್ದ ಮೇಷ್ಟ್ರು ಕುರ್ಚಿಯಲ್ಲೇ ಕುಳಿತು ಪಾಠ ಹೇಳುವಂತಾಯಿತು.

ಅವರು ಆಸ್ಪತ್ರೆಯಲ್ಲಿದ್ದಾಗ ಮೇಸ್ತ್ರಿ ಆಳುಗಳನ್ನು ಕರೆತಂದು ಗುಂಡಿಗೆ ಕಲ್ಲು ಹಾಕಿಸಿದ. ಮನುಷ್ಯ ತೆವಳಿ ಹೋಗುವಷ್ಟು ಅಗಲದ ದಾರಿಗಳು ಮೂರು ದಿಕ್ಕಿಗೆ ಹೋಗಿದ್ದವಂತೆ. ಪ್ರಾಣಿ ತೋಡಿದ್ದನ್ನು ನೀರು ಕೊರೆದು ದೊಡ್ಡದು ಮಾಡಿತ್ತು. ಮುಳ್ಳುಹಂದಿ ಒಂದೂ ಸಿಗಲಿಲ್ಲ. ಗಾಡಿಗಟ್ಟಲೆ ಕಲ್ಲು ಹಾಕಿದರೂ ಒಂದು ಮೂಲೆಯಲ್ಲಿ ಕಲ್ಲು ಉರುಳುತ್ತಾ ಹೋಗುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಮೇಸ್ತ್ರಿ ಕೆಲಸ ನಿಲ್ಲಿಸಿ ನನ್ನ ಹತ್ತಿರ ಬಂದ.

"ಅಮ್ಮ, ಇಲ್ಲಿ ಮನೆ ಬೇಡ," ಎಂದ.

ನಾವು ಬಾಡಿಗೆ ಮನೆಗೆ ಹೋದೆವು. ಹಂಚನ್ನೂ ಮರವನ್ನೂ ಯಾರೋ ಬಿಚ್ಚಿಕೊಂಡು ಹೋದರು, ಜಾಗವನ್ನು ಯಾರೂ ಕೇಳಲಿಲ್ಲ. ಅದೇ ಮಳೆಗಾಲದಲ್ಲಿ ಉಳಿದ ಗೋಡೆಗಳೂ ಕುಳಿತವು. ದನ ಬೀಳದಿರಲೆಂದು ಪಕ್ಕದ ಮನೆಯವರು ಸುತ್ತ ಬಿದಿರು ಕಟ್ಟಿದರು. ಗುಂಡಿಯ ಅಂಚು ಕುಸಿದಂತೆಲ್ಲ ಅವರು ಆ ಬಿದಿರನ್ನು ವರ್ಷ ವರ್ಷವೂ ಕಿತ್ತು, ತಮ್ಮ ಮನೆಯ ಕಡೆಗೆ ಒಂದಿಷ್ಟು ಸರಿಸಿ ನೆಡುತ್ತಿದ್ದರು.