ಆಪಾ ಅಂಟಿಸಿದ್ದ ತಾರೀಕಿನ ಚೀಟಿ

ಹೋದ ವಾರ ಹಳೆಯ ಪುಸ್ತಕಗಳನ್ನು ರದ್ದಿಗೆ ಹಾಕಲು ಕೂತಿದ್ದೆ. ಕೊಡುವ ಮೊದಲು ಒಂದೊಂದನ್ನೂ ಕೊಡವಿ ನೋಡುವುದು ನನ್ನ ಚಾಳಿ. ಒಳಗೇನಾದರೂ ಉಳಿದಿದ್ದು ರದ್ದಿಯವನ ಪಾಲಾದರೆ ಎಂಬ ಅನುಮಾನ. ಕಂಪ್ಯೂಟರಿನ ಹಳೇ ಮ್ಯಾನ್ಯುಯಲ್ ಒಂದನ್ನು ಕೊಡವಿದಾಗ ಉದ್ದನೆಯ ಚೀಟಿಯೊಂದು ಕೆಳಗೆ ಬಿತ್ತು. ನೇರಳೆ ಶಾಯಿ, ದುಂಡಗಿನ ಅಕ್ಷರ. "ಕರೆಂಟ್ ಹೋಗಿ ಬಂದರೆ ದಯವಿಟ್ಟು ತಾರೀಕು ಹಾಕಿ." ಹಿಂಬದಿಯಲ್ಲಿ ಗೋಂದಿನ ಕಲೆ. ಅದನ್ನು ಅಂಟಿಸಿದ್ದ ಜಾಗದಿಂದ ಕಿತ್ತವನು ನಾನೇ...

ಎಂಬತ್ತರ ದಶಕದ ಕೊನೆಯ ವರ್ಷಗಳು. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಎರಡು ಕಂಪ್ಯೂಟರ್, ಮೂವರು ಪ್ರೋಗ್ರಾಮರುಗಳು, ಒಬ್ಬರು ಯಜಮಾನರು, ಒಬ್ಬರು ಆಪರೇಟರ್. ಆಪರೇಟರ್ ದಿನವೂ ಗುಬ್ಬಿಯಿಂದ ರೈಲಿನಲ್ಲಿ ಬರುತ್ತಿದ್ದರು. ನಮಗಿಂತ ಏಳೆಂಟು ವರ್ಷ ದೊಡ್ಡವರು. ಕೆಳಗಿನ ಬಟ್ಟೆ ಅಂಗಡಿಯವರು ಅವರನ್ನು ಅಕ್ಕ ಎಂಬರ್ಥದಲ್ಲಿ ಆಪಾ ಎನ್ನುತ್ತಿದ್ದರು. ನಮ್ಮ ಬಾಯಲ್ಲೂ ಅದೇ ಉಳಿಯಿತು.

ಆಗಿನ ಕೆಲಸದ ರೀತಿ ಈಗಿನವರಿಗೆ ಹೇಳಿದರೆ ನಗುತ್ತಾರೆ. ನಾವು ಬರೆದ ಪ್ರೋಗ್ರಾಮುಗಳನ್ನು ಯಂತ್ರಕ್ಕೆ ಅರ್ಥವಾಗುವಂತೆ ಕಂಪೈಲ್ ಮಾಡಿ, ಆಮೇಲೆ ಎಲ್ಲವನ್ನೂ ಒಂದಾಗಿ ಜೋಡಿಸಿ ಫ್ಲಾಪಿಗೆ ತುಂಬಬೇಕು. ನಲವತ್ತು ಪ್ರೋಗ್ರಾಮುಗಳಿದ್ದವು. ಆಪಾ ನೋಟ್‌ಬುಕ್ ನೋಡಿಕೊಂಡು ಒಂದೊಂದಕ್ಕೂ ಕಮಾಂಡ್ ಟೈಪ್ ಮಾಡಬೇಕು, ಅದು ಮುಗಿಯುವ ತನಕ ಕಾಯಬೇಕು, ಮತ್ತೆ ಇನ್ನೊಂದು. ಬೆಳಿಗ್ಗೆ ಶುರು ಮಾಡಿದರೆ ಮಧ್ಯಾಹ್ನದ ಊಟ ಆರಿ ತಣ್ಣಗಾಗುತ್ತಿತ್ತು. ನಾವು ಒಂದು ಸಾಲು ತಿದ್ದಿದರೂ ಅಷ್ಟೂ ಮತ್ತೆ ಮೊದಲಿನಿಂದ.

ಒಂದು ದಿನ ಟೀ ಬರುವ ಹೊತ್ತಿಗೇ ಆಪಾ ಫ್ಲಾಪಿ ತಂದು ನನ್ನ ಮೇಜಿನ ಮೇಲಿಟ್ಟರು. ಮರುದಿನವೂ ಹಾಗೇ. ಯಂತ್ರ ತನ್ನಷ್ಟಕ್ಕೆ ತಾನು ಓಡುತ್ತಿದೆ, ಆಪಾ ಪಕ್ಕದಲ್ಲಿ ಕೂತು ಕ್ರೋಶಾ ಹಾಕುತ್ತಿದ್ದಾರೆ! ನನಗೆ ಅನುಮಾನ ಶುರುವಾಯಿತು. ಬೀಗ ಹಾಕಿ ಮೂರು ಸಲ ಜಗ್ಗಿ ನೋಡುವ ಜಾತಿಯವನು ನಾನು. ಹಾಲಿನವನ ಹಾಲನ್ನು ಬೆರಳಿಗೆ ಹಚ್ಚಿ ನೋಡದೆ ಒಳಗೆ ಬಿಟ್ಟವನಲ್ಲ. ಅರ್ಧ ದಿನದ ಕೆಲಸ ಅರ್ಧ ಗಂಟೆಗೆ ಮುಗಿಯಿತು ಎಂದರೆ ಎಲ್ಲೋ ಮೋಸ ಇರಲೇಬೇಕು.

ಅವರ ಬೆನ್ನ ಹಿಂದೆ ನಿಂತು ಎಣಿಸಿದೆ. ನಲವತ್ತರಲ್ಲಿ ಮೂರು ಮಾತ್ರ ಕಂಪೈಲ್ ಆದವು. ಕಳ್ಳ ಸಿಕ್ಕಿಬಿದ್ದ ಎಂದು ಒಳಗೊಳಗೇ ಹಿಗ್ಗಿದೆ.

"ಆಪಾ, ಮಿಕ್ಕಿದ್ದು?"

"ಮಿಕ್ಕಿದ್ದನ್ನ ನೀವ್ಯಾರೂ ಮುಟ್ಟಿಲ್ವಲ್ಲ. ನೆನ್ನೆ ಒಗ್ದಿರೋ ಬಟ್ಟೇನ ಇವತ್ತೂ ಒಗೀತೀರಾ?"

ಅವರು ಚಿಕ್ಕದೊಂದು ಪ್ರೋಗ್ರಾಮು ಬರೆದಿದ್ದರು. ಅದು ಒಂದೊಂದು ಫೈಲಿನ ತಾರೀಕು, ಗಂಟೆ ನೋಡುತ್ತದೆ. ಹೋದ ಸಲ ಕಂಪೈಲ್ ಆದ ಮೇಲೆ ತಿದ್ದಿದ್ದರೆ ಮಾತ್ರ ಮತ್ತೆ ಕಂಪೈಲ್ ಮಾಡುತ್ತದೆ. ಇಲ್ಲದಿದ್ದರೆ ಬಿಟ್ಟು ಮುಂದಕ್ಕೆ ಹೋಗುತ್ತದೆ. ಈಗ ಹೇಳುವಾಗ ಎಷ್ಟು ಸಲೀಸು! ಆಗ ನಮ್ಮ ಮೂವರಲ್ಲಿ ಒಬ್ಬನಿಗೂ ಹೊಳೆದಿರಲಿಲ್ಲ. ಒಬ್ಬರು ಆಪರೇಟರಿಗೆ ಹೊಳೆಯಿತು ಎನ್ನುವುದು ನನಗೆ ನುಂಗಲಾರದ ತುತ್ತಾಯಿತು.

ಆದರೆ ಒಂದು ತೊಡಕಿತ್ತು. ಆಗಿನ ನಮ್ಮ ಯಂತ್ರಗಳಿಗೆ ತಾರೀಕು ನೆನಪಿರುತ್ತಿರಲಿಲ್ಲ. ಆರಿಸಿ ಹಾಕಿದಾಗಲೆಲ್ಲ ಇವತ್ತು ಏನು ತಾರೀಕು ಎಂದು ಕೇಳುತ್ತಿದ್ದವು. ಹೇಳದೆ ಎಂಟರ್ ಒತ್ತಿದರೆ ಎಂಬತ್ತನೇ ಇಸವಿಯ ಜನವರಿ ಒಂದು ಎಂದೇ ತಿಳಿದು ಕೆಲಸ ಶುರು ಮಾಡುತ್ತಿದ್ದವು. ಬೆಳಿಗ್ಗೆ ಎರಡೂ ಯಂತ್ರಗಳಿಗೆ ಆಪಾ ತಾವೇ ತಾರೀಕು ಹಾಕಿಡುತ್ತಿದ್ದರು. ನಡುವೆ ಕರೆಂಟ್ ಹೋದರೆ ನಾವು ಹಾಕಿಕೊಳ್ಳಬೇಕು. ಅದಕ್ಕೇ ಎರಡೂ ಕಂಪ್ಯೂಟರುಗಳ ಮೇಲೆ ಆಪಾ ಅಂಟಿಸಿದ ಆ ಚೀಟಿ. ಆಪರೇಟರ್ ನಮಗೆ ಆರ್ಡರ್ ಮಾಡುವುದೇ? ಎರಡನೇ ದಿನವೇ ನಾನು ಕೂರುವ ಯಂತ್ರದ ಚೀಟಿಯನ್ನು ಕಿತ್ತು ಮ್ಯಾನ್ಯುಯಲ್ ಒಳಗೆ ಗುರುತಿಗೆ ಇಟ್ಟುಕೊಂಡೆ.

ಅಷ್ಟಕ್ಕೇ ಸುಮ್ಮನಾಗಲಿಲ್ಲ. ಯಜಮಾನರ ಕಿವಿಗೂ ಹಾಕಿದೆ. "ಸರ್, ನಲವತ್ತರಲ್ಲಿ ಮೂರು ಮಾಡಿ ಎದ್ದೋಗ್ತಾರೆ. ಒಂದಿನ ಏನಾದ್ರೂ ಎಡವಟ್ಟಾದ್ರೆ ನನ್ನ ಕೇಳ್ಬೇಡಿ."

ಆಗ ಆಪಾ ಅವರದು ಇನ್ನೂ ಟೆಂಪರರಿ ಕೆಲಸ. ಕುಣಿಗಲ್ಲಿನ ಕಾಲೇಜೊಂದಕ್ಕೆ ಹಾಲ್ ಟಿಕೆಟ್ ಅಚ್ಚು ಮಾಡುವ ಪ್ರೋಗ್ರಾಮು ಕೊಡಬೇಕಿತ್ತು. ಅದು ಸಲೀಸಾಗಿ ಮುಗಿದರೆ ಖಾಯಂ ಮಾಡುತ್ತೇನೆ ಎಂದು ಯಜಮಾನರು ಹೇಳಿದ್ದರು. ಇಲ್ಲದಿದ್ದರೆ ಅವರು ಗುಬ್ಬಿಯಲ್ಲಿ ಅಣ್ಣನ ಚಪ್ಪಲಿ ಅಂಗಡಿಯಲ್ಲಿ ಕೂರಬೇಕು. "ಅಲ್ಲಿ ಏನಿದೆ ಹೇಳಿ, ದಿನಾ ಜನರ ಕಾಲ್ ನೋಡ್ಕೊಂಡು ಕೂತಿರೋದು," ಎಂದು ನಗುತ್ತಾ ಹೇಳಿದ್ದರು. ಆ ನಗುವಿನ ಹಿಂದೆ ಹೆದರಿಕೆಯಿತ್ತು. ನನಗೆ ಕಂಡಿತ್ತು.

ಫ್ಲಾಪಿ ಕಳಿಸುವ ಹಿಂದಿನ ದಿನ ನನ್ನದೊಂದು ತಪ್ಪು ಸಿಕ್ಕಿತು. ಕೆಲವೊಮ್ಮೆ ಇಬ್ಬರು ಹುಡುಗರಿಗೆ ಒಂದೇ ನಂಬರ್ ಬೀಳುತ್ತಿತ್ತು. ಎರಡು ಸಾಲು ತಿದ್ದಿ ಸೇವ್ ಮಾಡಿದೆ. ಮಧ್ಯಾಹ್ನ ಆಪಾ ಎಂದಿನಂತೆ ಎಲ್ಲ ಜೋಡಿಸಿ ಫ್ಲಾಪಿ ಕೊಟ್ಟರು. ನಾನು ಅದನ್ನು ಮತ್ತೊಮ್ಮೆ ಓಡಿಸಿ ನೋಡಲಿಲ್ಲ. ಊರಿನವರ ಮೇಲೆಲ್ಲ ಅನುಮಾನಪಡುವವನಿಗೆ ತನ್ನ ಕೆಲಸದ ಮೇಲೆ ಮಾತ್ರ ಅನುಮಾನ ಬರಲಿಲ್ಲ ನೋಡಿ.

ಕುಣಿಗಲ್ಲಿನಲ್ಲಿ ಒಂದೇ ನಂಬರಿನ ಹಾಲ್ ಟಿಕೆಟ್ ಹಿಡಿದ ಇಬ್ಬರು ಹುಡುಗರು ಒಂದೇ ಬೆಂಚಿಗೆ ಬಂದು ನಿಂತರು. ಪ್ರಿನ್ಸಿಪಾಲರು ಫೋನಿನಲ್ಲೇ ಯಜಮಾನರ ನೀರಿಳಿಸಿದರು. ಯಜಮಾನರು ನಮ್ಮಿಬ್ಬರನ್ನೂ ಒಳಗೆ ಕರೆದರು.

ನಾನು ತಿದ್ದಿದ್ದು ನಿಜ, ಕಂಪ್ಯೂಟರಿನಲ್ಲೇ ಇದೆ ಎಂದೆ. ಆಪಾ ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದರು.

"ಅವತ್ತು ಬೆಳಿಗ್ಗೆ ಕರೆಂಟ್ ಹೋಗಿ ಬಂತಲ್ಲ. ತಾರೀಕು ಹಾಕಿದ್ರಾ?"

"ಹಾಕಿದ್ದೆ."

ಯೋಚಿಸಿ ಹೇಳಿದ ಸುಳ್ಳಲ್ಲ. ಯೋಚಿಸದೆ ಹೇಳಿದ್ದು. ಆಪಾ ತಲೆಯಾಡಿಸಿದರು. "ಹಂಗಾದ್ರೆ ನನ್ ಪ್ರೋಗ್ರಾಮಲ್ಲೇ ಏನೋ ತಪ್ಪಿರ್ಬೇಕು ಸರ್," ಎಂದರು.

"ನೋಡಮ್ಮಾ, ಇವ್ನು ಮೊದ್ಲೇ ಹೇಳಿದ್ದ," ಎಂದರು ಯಜಮಾನರು. ಆ ತಿಂಗಳ ಕೊನೆಗೆ ಆಪಾ ಬರುವುದು ನಿಂತಿತು. ಹೋಗುವ ದಿನ ನನ್ನ ಮೇಜಿನ ಹತ್ತಿರ ಬಂದು, "ಬರ್ತೀನಪ್ಪಾ, ಉಷಾರು," ಎಂದರು. ಕ್ರೋಶಾದ ಚೀಲ ಕೈಯಲ್ಲಿತ್ತು...

ಮುಂದಿನ ವಾರ ಅವರ ನೋಟ್‌ಬುಕ್ ಹಿಡಿದು ನಲವತ್ತು ಕಮಾಂಡುಗಳನ್ನೂ ಟೈಪ್ ಮಾಡುವ ಪಾಳಿ ನನ್ನದಾಯಿತು. ಪರದೆಯ ಮೇಲೆ ಫೈಲುಗಳ ಪಟ್ಟಿ ತೆಗೆದೆ. ಎಲ್ಲದರ ಮುಂದೆಯೂ ಆಯಾ ತಾರೀಕು ಇತ್ತು. ನಾನು ತಿದ್ದಿದ ಆ ಒಂದು ಫೈಲಿನ ಮುಂದೆ ಮಾತ್ರ, ಜನವರಿ ಒಂದು, ಎಂಬತ್ತನೇ ಇಸವಿ. ಎಂಟೊಂಬತ್ತು ವರ್ಷ ಹಳೆಯದೆಂದು ತಿಳಿದು ಆಪಾ ಅವರ ಪ್ರೋಗ್ರಾಮು ಅದನ್ನು ಬಿಟ್ಟು ಮುಂದಕ್ಕೆ ಹೋಗಿತ್ತು. ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು.

ಯಜಮಾನರ ಬಾಗಿಲ ತನಕ ಹೋದೆ. ಒಳಗೆ ಹೋಗಲಿಲ್ಲ. ನನಗೆ ನಾಚಿಕೆಯಾಗುತ್ತದೆ, ಇವತ್ತಿಗೂ.

ಒಂದು ಸಲ ಗುಬ್ಬಿಗೂ ಹೋಗಿದ್ದೆ. ಆಪಾ ಅಂಗಡಿಯಲ್ಲಿದ್ದರು. ನನ್ನನ್ನು ಕಂಡು ಖುಷಿಯಾಗಿ ಟೀ ತರಿಸಿದರು, ನನ್ನ ಪಾದ ನೋಡಿಯೇ ಅಳತೆ ಹೇಳಿ ಚಪ್ಪಲಿ ತೆಗೆದುಕೊಟ್ಟರು. "ಆ ತಪ್ಪು ಎಲ್ಲಿತ್ತು ಅಂತ ಸಿಕ್ತಾ? ನಂಗೆ ಈಗ್ಲೂ ತಲೇಲಿ ಕೊರೀತಿರ್ತದೆ," ಎಂದು ಕೇಳಿದರು. "ಇಲ್ಲ ಆಪಾ," ಎಂದೆ. ಆ ಚಪ್ಪಲಿಯನ್ನು ಮೆಟ್ಟಲು ಆಗಲೇ ಇಲ್ಲ.

ಅವರು ತೀರಿಕೊಂಡ ಸುದ್ದಿ ಹೋದ ವರ್ಷ ಗುಬ್ಬಿಯ ಪರಿಚಿತರೊಬ್ಬರಿಂದ ತಿಳಿಯಿತು. ಆ ದಿನ ಯಜಮಾನರ ಕೋಣೆಯಿಂದ ನಾಲ್ಕು ಹೆಜ್ಜೆ ಆಚೆ ಬಂದು ಪಟ್ಟಿ ತೆಗೆದು ನೋಡಿದ್ದರೆ ಸಾಕಿತ್ತು, ಎಲ್ಲವೂ ಅಲ್ಲೇ ಇತ್ತು. ಆಪಾ ನೋಡಲಿಲ್ಲ. ನಾನು ಹಾಕಿದ್ದೆ ಎಂದೆ, ಅವರು ನಂಬಿದರು. ನಾನು ಅವರನ್ನು ಒಂದು ದಿನವೂ ಹಾಗೆ ನಂಬಿರಲಿಲ್ಲ.

ಮ್ಯಾನ್ಯುಯಲ್ ರದ್ದಿಗೆ ಹೋಯಿತು. ಚೀಟಿಯನ್ನು ಮಾತ್ರ ಉಳಿಸಿಕೊಂಡು, ಈಗಿನ ನನ್ನ ಕಂಪ್ಯೂಟರಿನ ಮೇಲೆ ಅಂಟಿಸಲು ನೋಡಿದೆ. ಗೋಂದು ಯಾವತ್ತೋ ಒಣಗಿದೆ, ಹೆಬ್ಬೆರಳಲ್ಲಿ ಒತ್ತಿ ಹಿಡಿದಷ್ಟು ಹೊತ್ತು ನಿಲ್ಲುತ್ತದೆ... ಬಿಟ್ಟರೆ ಬೀಳುತ್ತದೆ.