ತೆಗೆದುಹಾಕಿದ ಸದ್ದು

ಮಸ್ಕಿಯ ಮನೆಯಲ್ಲಿ ಭಜನೆಗೆ ಕೂತರೆ ಅವ್ವ ತತ್ವಪದ ಹಾಡುತ್ತಿದ್ದಳು, ಅಪ್ಪ ಏಕತಾರಿ ಮೀಟುತ್ತಿದ್ದ. ಅಪ್ಪ ಹೋಗಿ ನಾಲ್ಕು ವರ್ಷವಾಯಿತು. ಇಬ್ಬರೂ ಕೂಡಿ ಉಳಿದಿರುವುದು ಒಂದೇ ಕ್ಯಾಸೆಟ್ಟಿನಲ್ಲಿ. ಸಿಂಧನೂರಿನ ರಿಪೇರಿ ಅಂಗಡಿಯಲ್ಲಿ ಸಿಕ್ಕ ಹಳೆಯ ಟೇಪ್ ರೆಕಾರ್ಡರಿನಿಂದ ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡೆ. ಕೊನೆಯ ಪದ ಇಳಿದು ಮುಗಿಯುತ್ತಲೇ ರೀಲು ಸಿಕ್ಕಿಕೊಂಡು ತುಂಡಾಯಿತು.

ಲಿಂಗಸುಗೂರಿನಲ್ಲಿ ಮೇಷ್ಟ್ರಿಕೆ ಶುರುಮಾಡಿದಾಗ ಕೊಂಡ ಮುದಿ ಕಂಪ್ಯೂಟರ್ ನನ್ನದು. ಅದರಲ್ಲಿ ಪುಕ್ಕಟೆ ಸಿಗುವ ಲಿನಕ್ಸ್ ಬಿಟ್ಟು ಬೇರೇನೂ ಓಡುವುದಿಲ್ಲ. ಧ್ವನಿ ತಿದ್ದುವ ತಂತ್ರಾಂಶವೂ ಪುಕ್ಕಟೆಯದೇ. ಸ್ಟುಡಿಯೋದವರು ಮಾಡುವುದನ್ನೆಲ್ಲ ಮಾಡುತ್ತದೆ. ಆದರೆ ಇವತ್ತು ಸ್ಪೀಕರ್ ಇದೆ ಅನ್ನುತ್ತದೆ, ನಾಳೆ ಅಪ್‌ಡೇಟ್ ಆದ ಮೇಲೆ ಸ್ಪೀಕರ್ ಅಂದರೆ ಯಾರು ಅನ್ನುತ್ತದೆ. ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು, ನಿಜ. ಒದ್ದಾಗ ಬೈಯಲೂ ಬಾರದೇ?

ಕ್ಯಾಸೆಟ್ಟಿನ ಗುಂಯ್ ಸದ್ದು ತೆಗೆಯಬೇಕಿತ್ತು. ಬರೀ ಸದ್ದಿರುವ ತುಣುಕೊಂದನ್ನು ತೋರಿಸು, ಅಂಥದ್ದನ್ನೆಲ್ಲ ಉದ್ದಕ್ಕೂ ತೆಗೆಯುತ್ತೇನೆ ಎಂದಿತು ತಂತ್ರಾಂಶ. ಅವ್ವ ಬಾಯಿ ತೆರೆಯುವ ಮುಂಚಿನ ತುಣುಕನ್ನು ತೋರಿಸಿದೆ. ಅವಳ ದನಿ ತೊಳೆದ ಹಾಗೆ ಬಂತು. ಖುಷಿಯಿಂದ ಅವ್ವನನ್ನು ಕರೆದು ಕೇಳಿಸಿದೆ.

“ನಾ ಒಬ್ಬಾಕಿನ ಹಾಡಾಕತ್ತೀನಲ್ಲೋ. ನಿಮ್ಮಪ್ಪ ಎಲ್ಲಿ?”

ಆಗ ಹೊಳೆಯಿತು. ನಮ್ಮಲ್ಲಿ ಹಾಡಿಗಿಂತ ಮೊದಲು ಏಕತಾರಿ ಶುರುವಾಗಿ ಶ್ರುತಿ ಹಿಡಿಯುತ್ತದೆ. ಹುಟ್ಟಿದಾಗಿನಿಂದ ಕೇಳಿದವನು ನಾನು, ಅಪ್ಪನನ್ನೇ ಕಸವೆಂದು ತೋರಿಸಿಕೊಟ್ಟಿದ್ದೆ.

ಪುಣ್ಯಕ್ಕೆ ಮಾಡಿದ್ದನ್ನು ಹಿಂದಕ್ಕೆ ಪಡೆಯುವ ದಾರಿ ಇತ್ತು. ಪಡೆದೆ. ಆಗಲೇ ಸ್ಪೀಕರ್ ಮಂಗಮಾಯ! ಯಾವ ದೇಶದ ಪುಣ್ಯಾತ್ಮನೋ ಅಂತರ್ಜಾಲದಲ್ಲಿ ಬರೆದಿಟ್ಟಿದ್ದ ಎರಡು ಸಾಲನ್ನು ಹಾಗೇ ಟೈಪು ಮಾಡಿ ಅದನ್ನು ಎಬ್ಬಿಸಿದೆ. ಸದ್ದು ತೆಗೆಯುವ ಕಡೆಯೇ ಇನ್ನೊಂದು ಆಯ್ಕೆ ಕಣ್ಣಿಗೆ ಬಿತ್ತು: ತೆಗೆದುಹಾಕುವುದನ್ನಷ್ಟೇ ಉಳಿಸಿಕೊಳ್ಳುವುದು. ಒತ್ತಿದೆ.

ಕ್ಯಾಸೆಟ್ಟಿನ ಗುಂಯ್ ಸದ್ದಿನ ನಡುವೆ ಅಪ್ಪ ಒಬ್ಬನೇ ಮೀಟುತ್ತಿದ್ದ. ಬೆರಳು ಸೋತಾಗ ಅವನು ಮಾಡುತ್ತಿದ್ದ ಸಣ್ಣ ತಡವೂ ಹಾಗೇ ಇತ್ತು. ಇನ್ನೊಂದು ಸಲ ಅವನ ಮುಂದೆ ಕೂರಬೇಕು ಅನ್ನಿಸಿತು. ಈ ಸಲ ಎರಡನ್ನೂ ಕೂಡಿಸಿ ಇಡುತ್ತೇನೆ ಎಂದು ಅವ್ವನಿಗೆ ಹೇಳಹೋದೆ. ಅವಳು ಕೈ ಅಡ್ಡ ಹಿಡಿದಳು.

“ಸುಮ್ಕಿರು. ಅವರು ಸುತಿ ಹಿಡದಾರ, ನಾ ಹಾಡಬೇಕು.”

ಸೆರಗು ಸರಿಮಾಡಿಕೊಂಡು, ಒಡಕು ದನಿಯಲ್ಲೇ ಎತ್ತಿಕೊಂಡಳು.