ಒಂಬತ್ತೇ ಗಂಟೆಯ ದಾರಿ

ಹೆರಿಗೆ ಆಸ್ಪತ್ರೆಯಲ್ಲಿ ತಲೆ ನರೆಯುವವರೆಗೆ ದುಡಿದ ಸಿಸ್ಟರಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಹೆಂಡತಿ ನೋವು ತಿನ್ನುವಾಗ ತಡವಾಗಿ ಬರುವ ಗಂಡಂದಿರಿಗೆ ಬಾಗಿಲಲ್ಲೇ ಮಂಗಳಾರತಿ. "ನೀನು ಬರೋವರೆಗೂ ಕೂಸು ಕಾಯ್ತಾ ಕೂರುತ್ತೇನಯ್ಯಾ?" ಊರಿನ ಅರ್ಧಕ್ಕರ್ಧ ಮಕ್ಕಳನ್ನು ಮೊದಲು ಎತ್ತಿಕೊಂಡದ್ದು ಅವರ ಕೈಗಳೇ. ಅಂಥವರು ಸ್ವಂತ ಮಗಳ ಚೊಚ್ಚಲ ಹೆರಿಗೆಗೆ ಹೊರಟು, ಅರ್ಧ ದಾರಿಯ ವಿಮಾನ ನಿಲ್ದಾಣದಲ್ಲಿ ಕಬ್ಬಿಣದ ಕುರ್ಚಿಯ ಮೇಲೆ ಕೊಳೆಯುತ್ತಿದ್ದರು.

ತಪ್ಪೆಲ್ಲ ಅಳಿಯನದು. ದೂರದ ಬಂದರಿನಲ್ಲಿ ಹಡಗಿನ ವೆಲ್ಡಿಂಗ್ ಕೆಲಸ ಅವನದು. ಮಗಳನ್ನು ಕರೆದೊಯ್ಯುವಾಗ ಫೋನಿನಲ್ಲಿ ಎರಡು ಊರುಗಳ ನಡುವೆ ಗೆರೆ ತೋರಿಸಿದ್ದ. "ನೋಡಿ ಅತ್ತೆ, ಒಂಬತ್ತೇ ಗಂಟೆ. ಬೆಳಗ್ಗೆ ತಿಂಡಿ ನಿಮ್ಮನೇಲಿ, ರಾತ್ರಿ ಊಟ ನಮ್ಮನೇಲಿ!" ಅಂಗೈಯಲ್ಲಿ ಆಕಾಶ ತೋರಿಸುವುದೆಂದರೆ ಇದೇ. ಆ ಗೆರೆಯ ಮೇಲೆ ಯಾವ ವಿಮಾನವೂ ಹಾರುವುದಿಲ್ಲವೆಂದು ತಿಳಿದದ್ದು ಟಿಕೆಟ್ ತೆಗೆಸುವಾಗ. ನಡುವೆ ಇಳಿದು, ಕಾದು, ಇನ್ನೊಂದನ್ನು ಹತ್ತಬೇಕು. ಆ ಇನ್ನೊಂದು ಕೆಟ್ಟು ನಿಂತಿತ್ತು. ಸಾಲದ್ದಕ್ಕೆ ದಿನ ತುಂಬುವ ಮೊದಲೇ ಮಗಳಿಗೆ ನೋವು ಶುರುವಾಗಿದೆಯೆಂದು ಅಳಿಯನ ಫೋನು. ಸಿಸ್ಟರಮ್ಮನಿಗೆ ಮೈ ಪರಚಿಕೊಳ್ಳುವಂತಾಯಿತು.

"ಯಾವಾಗಮ್ಮಾ ಹೊರಡೋದು?" ಎಂದು ಕೌಂಟರಿನ ಹುಡುಗಿಯನ್ನು ಎಷ್ಟನೆಯ ಸಲವೋ ಕೇಳಿದರು.

"ರಿಪೇರಿ ನಡೀತಿದೆ ಅಮ್ಮಾ. ಸ್ವಲ್ಪ ತಾಳ್ಮೆ ಇರ್ಲಿ."

"ತಾಳ್ಮೆ! ನೋವು ತಿನ್ನೋರಿಗೆ ನಾನು ಹೇಳ್ತಿದ್ದ ಮಾತು ಕಣೇ ಅದು. ನನಗೇ ಹೇಳ್ತೀಯಾ?"

ಹುಡುಗಿ ಕಂಪ್ಯೂಟರಿನ ಹಿಂದೆ ಮುಖ ಮರೆಸಿಕೊಂಡಳು. ಪಾಪ, ಅವಳೇನು ವಿಮಾನ ಕೆಡಿಸಿದವಳೇ? ಆದರೆ ಬೈಯಲು ಬೇರೆ ಯಾರೂ ಸಿಗಲಿಲ್ಲ.

ಮತ್ತೆ ಫೋನು ಬಂತು. ಹೆರಿಗೆ ಕೋಣೆಯಲ್ಲಿದ್ದ ಅಳಿಯ ಅದನ್ನು ಮಗಳ ಕಿವಿಗೆ ಹಿಡಿದಿದ್ದ. ಉಸಿರಾಟ ಕೇಳಿದೊಡನೆ ಸಿಸ್ಟರಮ್ಮನಿಗೆ ತಿಳಿಯಿತು, ಇನ್ನು ಹೆಚ್ಚು ಹೊತ್ತಿಲ್ಲ.

"ಈಗಲೇ ಮುಕ್ಕಬೇಡ ಮಗಳೇ. ಉಸಿರು ಬಿಡು, ನಿಧಾನ."

ಇಷ್ಟು ಹೊತ್ತು ಸತ್ತಂತೆ ಬಿದ್ದಿದ್ದ ಧ್ವನಿವರ್ಧಕಕ್ಕೆ ಆಗಲೇ ಜೀವ ಬರಬೇಕೆ? ವಿಮಾನ ಸಿದ್ಧವಂತೆ. ಜನ ಎದ್ದರು, ಸಾಲು ನಿಂತರು, ಕರಗಿದರು. ಹುಡುಗಿ ಓಡಿ ಬಂದಳು. "ಅಮ್ಮಾ, ನೀವೊಬ್ರೇ ಉಳಿದಿರೋದು. ಫೋನ್ ಆಫ್ ಮಾಡಿ ಬನ್ನಿ!"

"ಐದು ನಿಮಿಷ ತಾಳೇ ತಾಯಿ."

"ತಾಳೋಕಾಗಲ್ಲಮ್ಮಾ, ಬಾಗಿಲು ಹಾಕ್ತಾರೆ."

ಬೆಳಗಿನಿಂದ ಹೊರಡು ಹೊರಡು ಎಂದು ಶಪಿಸಿದ್ದ ವಿಮಾನ ಅದು. ಫೋನಿನೊಳಗಿಂದ ಮಗಳು ಕೂಗಿದಳು, "ಅಮ್ಮಾ, ಇದ್ದೀಯಾ?"

ಸಿಸ್ಟರಮ್ಮ ಹುಡುಗಿಯತ್ತ ಕೈ ಬೀಸಿ, ಹೋಗಲಿ ಬಿಡು ಎಂದರು. "ಇದ್ದೀನಿ ಕಣೇ, ಇಲ್ಲೇ ಇದ್ದೀನಿ. ಈಗ ಮುಕ್ಕು!"

ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಕೂಸಿನ ಅಳು ಕೇಳಿಸಿತು. ಸಿಸ್ಟರಮ್ಮನ ಕೈ ತಾನಾಗಿ ಮುಂದೆ ಚಾಚಿತು. ಅಲ್ಲಿ ಎತ್ತಿಕೊಳ್ಳಲು ಏನೂ ಇರಲಿಲ್ಲ. ಅವರಿಗೂ ಅಳು ಬಂತು.

ಮುಂದಿನ ವಿಮಾನ ನಾಳೆ ಸಂಜೆಗೆ ಎಂದು ಹುಡುಗಿ ಮೆಲ್ಲಗೆ ಹೇಳಿದಳು.

"ಅಮ್ಮಾ," ಮಗಳ ದನಿ ಸೋತಿತ್ತು, "ಇನ್ನೆಷ್ಟು ಹೊತ್ತು ನೀನು ಬರೋಕೆ?"

ಗಾಜಿನಾಚೆ ವಿಮಾನ ಮೇಲೇರುತ್ತಿತ್ತು. ಸಿಸ್ಟರಮ್ಮ ಸೆರಗಿನಿಂದ ಮೂಗೊರೆಸಿಕೊಂಡರು.

"ಬಂದೇಬಿಟ್ಟೆ ಕಣೇ," ಎಂದರು. "ಒಂಬತ್ತೇ ಗಂಟೆ."